ಇಸುಬಿರುವ ಮಕ್ಕಳಿಗೆ ಮೆಲಟೋನಿನ್: ಎಷ್ಟು, ಯಾವಾಗ, ಯಾರಿಗೆ ಬೇಡ?

ಮದ್ದಿನಂಗಡಿ (ಪ್ರಶ್ನೆ)

ಚರ್ಮ, ಮಕ್ಕಳ ವಿಭಾಗ ಅಥವಾ ಫಾರ್ಮಕಾಲಜಿ ಬಲ್ಲವರು ದಯವಿಟ್ಟು ಉತ್ತರಿಸಿ. ಔಷಧ ಅಂಗಡಿಯ ಕೌಂಟರಿನಲ್ಲಿ ಈಗ ಹೆಚ್ಚಾಗಿ ಬರುತ್ತಿರುವ ಕೋರಿಕೆ ಇದು: ಮಗುವಿಗೆ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಇಸುಬು ಇದೆ, ವೈದ್ಯರು ಅಟೋಪಿಕ್ ಡರ್ಮಟೈಟಿಸ್ ಎಂದಿದ್ದಾರೆ, ರಾತ್ರಿ ಕೆರೆದು ಕೆರೆದು ನಿದ್ದೆಯಿಲ್ಲ, ಮೆಲಟೋನಿನ್ ಗಮ್ಮಿ (ನಿದ್ದೆಯ ಹೊತ್ತು ತಿಳಿಸುವ ಹಾರ್ಮೋನು ಬೆರೆಸಿದ ಜಗಿಯುವ ಮಿಠಾಯಿ) ಕೊಡಿ. ಎಲ್ಲೋ ವಿಡಿಯೊ ನೋಡಿ ಬಂದಿರುತ್ತಾರೆ. ಡಬ್ಬಿಗಳ ಮೇಲೆ ಕೂಡ "ನಿದ್ರೆ + ಇಮ್ಯುನಿಟಿ" ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ.

ಚೀಟಿ ಇಲ್ಲದೆ ಮಕ್ಕಳಿಗೆ ಕೊಡುವುದಿಲ್ಲ ಎಂದು ಹೇಳಿ ಕಳಿಸುವುದು ಸುಲಭ. ಆದರೆ ಕಾರಣ ಸರಿಯಾಗಿ ಹೇಳದಿದ್ದರೆ ಅವರು ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಾರೆ. ಅದಕ್ಕೆ ಕೇಳುತ್ತಿದ್ದೇನೆ. ಇಸುಬಿಗೆ ಮೆಲಟೋನಿನ್ ಉಪಯೋಗ ಎಂಬುದಕ್ಕೆ ಮನುಷ್ಯರ ಮೇಲೆ ನಡೆದ ಸರಿಯಾದ ಪ್ರಯೋಗ ಇದೆಯೇ, ಇಲಿಗಳ ಕತೆ ಮಾತ್ರವೇ? ವೈದ್ಯರು ಬರೆದುಕೊಟ್ಟಾಗ ಪ್ರಮಾಣ, ಹೊತ್ತು, ರೂಪ ಹೇಗಿರಬೇಕು? ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ (ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧ) ತೆಗೆದುಕೊಳ್ಳುವ ದೊಡ್ಡವರು ಇದೇ ಮಾತ್ರೆ ಕೇಳಿದರೆ ಏನು ಹೇಳುವುದು?

---

ಚರ್ಮವೈದ್ಯೆ_ದಾವಣಗೆರೆ

ಮನುಷ್ಯರ ಮೇಲಿನ ಪ್ರಯೋಗಗಳು ಇವೆ, ಆದರೆ ಚಿಕ್ಕವು. ಮುಖ್ಯವಾದದ್ದು ತೈವಾನಿನದು, 2016ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೈಯ ಕನಿಷ್ಠ 5 ಶೇಕಡಾ ಭಾಗದಲ್ಲಿ ಇಸುಬಿದ್ದು ನಿದ್ದೆಯೂ ಕೆಟ್ಟಿದ್ದ 48 ಮಕ್ಕಳು. ರಾತ್ರಿ ಮಲಗುವಾಗ 3 ಮಿ.ಗ್ರಾಂ, ನಾಲ್ಕು ವಾರ. ಎರಡು ವಾರ ಬಿಡುವು ಕೊಟ್ಟು, ಮೊದಲು ಔಷಧ ತೆಗೆದುಕೊಂಡವರಿಗೆ ಹುಸಿಮಾತ್ರೆ (ಔಷಧವಿಲ್ಲದ ಮಾತ್ರೆ), ಹುಸಿಮಾತ್ರೆಯವರಿಗೆ ಔಷಧ. ಇಸುಬಿನ ತೀವ್ರತೆ ಅಳೆಯುವ ಸ್ಕೋರಾಡ್ ಅಂಕ ಹುಸಿಮಾತ್ರೆಗಿಂತ 9.1ರಷ್ಟು ಹೆಚ್ಚು ಇಳಿಯಿತು. ಮಲಗಿದ ಮೇಲೆ ನಿದ್ದೆ ಹತ್ತಲು ಬೇಕಾಗುವ ಸಮಯ 21.4 ನಿಮಿಷ ಕಡಿಮೆಯಾಯಿತು. ಅಡ್ಡಪರಿಣಾಮದಿಂದ ಯಾರೂ ಬಿಟ್ಟುಹೋಗಲಿಲ್ಲ.

9.1 ಅಂದರೆ ಎಷ್ಟು ಎಂಬುದು ಪೋಷಕರಿಗೆ ಗೊತ್ತಾಗಬೇಕು. ಸ್ಕೋರಾಡ್ ಗರಿಷ್ಠ 103. ರೋಗಿಗೆ "ಹೌದು, ವ್ಯತ್ಯಾಸ ಗೊತ್ತಾಗುತ್ತಿದೆ" ಎನ್ನಿಸಲು ಸುಮಾರು 8.7 ಅಂಕ ಇಳಿಯಬೇಕು ಎಂದು ಲೆಕ್ಕ. ಅಂದಮೇಲೆ ಮೆಲಟೋನಿನ್ ಆ ಹೊಸ್ತಿಲನ್ನು ಕಷ್ಟಪಟ್ಟು ದಾಟಿದೆ, ಅಷ್ಟೆ. ಸರಾಸರಿ 49 ಇದ್ದ ಮಕ್ಕಳು 40ಕ್ಕೆ ಬಂದರು. ಇಸುಬು ಇನ್ನೂ ಇದ್ದೇ ಇದೆ, ಮುಲಾಮು ಬೇಕೇ ಬೇಕು.

ಆ ಪ್ರಯೋಗದಲ್ಲಿ ಕುತೂಹಲದ ಸಂಗತಿ ಇನ್ನೊಂದಿದೆ. ನಿದ್ದೆ ಹೆಚ್ಚು ಸುಧಾರಿಸಿದ ಮಕ್ಕಳಲ್ಲೇ ಚರ್ಮವೂ ಹೆಚ್ಚು ಸುಧಾರಿಸಿತು ಎಂದೇನೂ ಕಾಣಲಿಲ್ಲ. ನಿದ್ದೆ ಬಂತು, ಕೆರೆತ ನಿಂತಿತು, ಅದರಿಂದ ಚರ್ಮ ವಾಸಿಯಾಯಿತು ಎಂಬ ಸರಳ ವಿವರಣೆ ಪೂರ್ತಿ ಹೊಂದುವುದಿಲ್ಲ. ಚರ್ಮದ ಮೇಲೆ ಮೆಲಟೋನಿನ್‌ಗೆ ನೇರ ಪರಿಣಾಮ ಇರಬಹುದು ಎಂದು ಸಂಶೋಧಕರು ಯೋಚಿಸುವುದು ಇದಕ್ಕೇ. ಚರ್ಮದ ಕೋಶಗಳಲ್ಲಿ ಮೆಲಟೋನಿನ್ ಗ್ರಾಹಕಗಳಿವೆ, ಚರ್ಮ ತಾನೇ ಒಂದಿಷ್ಟು ಮೆಲಟೋನಿನ್ ತಯಾರಿಸುತ್ತದೆ. ಈ ಹಾರ್ಮೋನನ್ನು ಮೊದಲು ಬೇರ್ಪಡಿಸಿದ್ದು ಕೂಡ ಚರ್ಮವೈದ್ಯರೇ: ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್, 1958ರಲ್ಲಿ, ದನಗಳ ಮೆದುಳಿನ ಪೀನಿಯಲ್ ಗ್ರಂಥಿಯಿಂದ. ಅವರು ನಿದ್ದೆಯ ಮದ್ದು ಹುಡುಕುತ್ತಿರಲಿಲ್ಲ, ಚರ್ಮದ ಬಣ್ಣ ಬದಲಿಸುವ ವಸ್ತು ಹುಡುಕುತ್ತಿದ್ದರು.

ಎರಡನೆಯದು ಇರಾನಿನ ಪ್ರಯೋಗ, 2018. ವಯಸ್ಸು 6ರಿಂದ 12, ಒಟ್ಟು 70 ಮಕ್ಕಳು, ದಿನಕ್ಕೆ 6 ಮಿ.ಗ್ರಾಂ, ಆರು ವಾರ. ಸ್ಕೋರಾಡ್ ಇಳಿಯಿತು, ರಕ್ತದ ಒಟ್ಟು ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ಇಳಿಯಿತು, ನಿದ್ದೆಯ ಪ್ರಶ್ನಾವಳಿಯ ಅಂಕ ಸುಧಾರಿಸಿತು. ಆದರೆ ತುರಿಕೆಯ ಅಂಕ ಮಾತ್ರ ಹುಸಿಮಾತ್ರೆಗಿಂತ ಬೇರೆಯಾಗಲಿಲ್ಲ. ತುರಿಕೆ ನಿಲ್ಲಲಿ ಎಂದು ಗಮ್ಮಿ ಕೇಳಿಕೊಂಡು ಬರುವವರಿಗೆ ಇದನ್ನು ನೇರವಾಗಿ ಹೇಳಬೇಕು. ಮೆಲಟೋನಿನ್ ತುರಿಕೆಯ ಔಷಧ ಅಲ್ಲ.

ಈಗ ಕೌಂಟರಿನಲ್ಲಿ ನೀವು ಕೇಳಬಹುದಾದ ಮೊದಲ ಪ್ರಶ್ನೆ: "ವಾರಕ್ಕೆ ಎಷ್ಟು ಮಾಯಿಶ್ಚರೈಸರ್ ಖಾಲಿಯಾಗುತ್ತದೆ?" ಮೈತುಂಬ ಇಸುಬಿರುವ ಮಗುವಿಗೆ ವಾರಕ್ಕೆ 250 ಗ್ರಾಂ ಆಸುಪಾಸು ಬೇಕು. ಹೆಚ್ಚಿನ ಮನೆಗಳಲ್ಲಿ 50 ಗ್ರಾಂ ಟ್ಯೂಬು ತಿಂಗಳಿಡೀ ಬರುತ್ತಿರುತ್ತದೆ. ಅಂಥ ಮಗುವಿಗೆ ನಿದ್ದೆ ಬಾರದಿರುವುದು ಒಣಚರ್ಮದಿಂದ. ಮೆಲಟೋನಿನ್ ಕೊರತೆ ಅಲ್ಲಿ ಯಾರೂ ಕಂಡಿಲ್ಲ.

ಎರಡನೆಯ ಪ್ರಶ್ನೆ ಸ್ಟೀರಾಯ್ಡ್ ಮುಲಾಮಿನದು. ಹೆದರಿ ಸಾಸಿವೆ ಕಾಳಿನಷ್ಟು ಹಚ್ಚುತ್ತಾರೆ, ಎರಡು ದಿನಕ್ಕೆ ನಿಲ್ಲಿಸುತ್ತಾರೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. 6ರಿಂದ 10 ವರ್ಷದ ಮಗುವಿನ ಒಂದು ಇಡೀ ತೋಳು ಮತ್ತು ಕೈಗೆ ಅಂಥ ಎರಡೂವರೆ ಬೇಕು, ಒಂದು ಕಾಲು ಮತ್ತು ಪಾದಕ್ಕೆ ನಾಲ್ಕೂವರೆ. ವೈದ್ಯರು ಬರೆದ ಮುಲಾಮು ಈ ಅಳತೆಯಲ್ಲಿ, ಹೇಳಿದಷ್ಟು ದಿನ ಬಿದ್ದಿದೆಯೇ ಎಂದು ವಿಚಾರಿಸಿ. ಬಿದ್ದಿದ್ದೂ ರಾತ್ರಿ ನಿದ್ದೆ ಕೆಡುತ್ತಿದ್ದರೆ ಆಗ ಮೆಲಟೋನಿನ್ ಮಾತು ಎತ್ತಬಹುದು.

ಸ್ನಾನದ ಬಗ್ಗೆಯೂ ಹೇಳಲೇಬೇಕು. ಹಬೆಯಾಡುವ ಬಿಸಿನೀರು, ಸೀಗೆಪುಡಿ ಉಜ್ಜಾಟ, ಕಡಲೆಹಿಟ್ಟು ಇಸುಬಿಗೆ ಬೇಡವೇ ಬೇಡ. ಸಾಮಾನ್ಯ ಸೋಪಿನ ಪಿಎಚ್ 9–10, ಚರ್ಮದ್ದು 5ರ ಆಸುಪಾಸು. ಉಗುರುಬೆಚ್ಚಗಿನ ನೀರು, 5ರಿಂದ 10 ನಿಮಿಷ, ಸೋಪಿಲ್ಲದ ಕ್ಲೆನ್ಸರ್, ಟವೆಲಿನಲ್ಲಿ ಒತ್ತಿ ಒರೆಸಿ ಮೂರು ನಿಮಿಷದೊಳಗೆ ಮಾಯಿಶ್ಚರೈಸರ್. ಕೊಬ್ಬರಿ ಎಣ್ಣೆ ಹಚ್ಚುವ ಮನೆಯವರನ್ನು ಬೈಯಬೇಡಿ. ಫಿಲಿಪ್ಪೀನ್ಸ್‌ನಲ್ಲಿ ಮಕ್ಕಳ ಇಸುಬಿನ ಮೇಲೆ ನಡೆದ ಹೋಲಿಕೆಯಲ್ಲಿ ವರ್ಜಿನ್ ಕೊಬ್ಬರಿ ಎಣ್ಣೆ ಮಿನರಲ್ ಆಯಿಲಿಗಿಂತ ಮೇಲಾಗಿ ಕೆಲಸ ಮಾಡಿತ್ತು.

ಬೋರ್‌ವೆಲ್ಲಿನ ಗಡುಸು ನೀರಿನಿಂದಲೇ ಎಲ್ಲ ಎಂದು ಸಾಫ್ಟ್‌ನರ್ ಹಾಕಿಸಲು ಹೊರಡುವವರಿಗೆ: ಬ್ರಿಟನ್ನಿನಲ್ಲಿ 336 ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು, ಇಸುಬಿನ ತೀವ್ರತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಹಣ ಮಾಯಿಶ್ಚರೈಸರಿಗೆ ಹೋಗಲಿ.

---

ಮಕ್ಕಳ_ಓಪಿಡಿ

ಮೇಡಂ ಹೇಳಿದ್ದಕ್ಕೆ ಮುಂಚೆ ನೋಡಬೇಕಾದ್ದು ಒಂದಿದೆ. ರಾತ್ರಿ ತುರಿಕೆ ಅಂದಕೂಡಲೇ ನಮ್ಮ ಕಡೆ ಕಜ್ಜಿಯನ್ನು ತಳ್ಳಿಹಾಕಬೇಕು. ಬೆರಳ ಸಂದು, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಗಂಡುಮಕ್ಕಳಲ್ಲಿ ಶಿಶ್ನದ ಮೇಲೆ ಗುಳ್ಳೆ. ಮನೆಯಲ್ಲಿ ಇನ್ನೊಬ್ಬರಿಗಾದರೂ ನವೆ. ಇದು ಕಂಡರೆ ಮೆಲಟೋನಿನ್ ಪ್ರಶ್ನೆಯೇ ಏಳುವುದಿಲ್ಲ. ಪರ್ಮೆಥ್ರಿನ್ 5 ಶೇಕಡಾ ಮುಲಾಮು ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೂ ಸೇರಿ, 8ರಿಂದ 12 ಗಂಟೆ ಬಿಟ್ಟು ತೊಳೆಯುವುದು, ಒಂದು ವಾರದ ಮೇಲೆ ಮತ್ತೊಮ್ಮೆ. ಮನೆಯವರೆಲ್ಲರಿಗೂ ಒಂದೇ ರಾತ್ರಿ ಹಚ್ಚಬೇಕು. ಒಬ್ಬರಿಗೆ ಹಚ್ಚಿ ಉಳಿದವರನ್ನು ಬಿಡುವುದರಿಂದಲೇ ಕಜ್ಜಿ ಮತ್ತೆ ಮತ್ತೆ ಬರುವುದು. ವಾಸಿಯಾದ ಮೇಲೂ ಎರಡು ಮೂರು ವಾರ ತುರಿಕೆ ಉಳಿಯಬಹುದು, ಅದಕ್ಕೆ ಹೆದರಿ ದಿನಾ ಹಚ್ಚಬಾರದು. ಎರಡು ತಿಂಗಳಿಗಿಂತ ಸಣ್ಣ ಕೂಸಾದರೆ ವೈದ್ಯರ ಬಳಿಗೇ ಕಳಿಸಿ.

ಇನ್ನೊಂದು ಹುಳುಕಡ್ಡಿ. ಸ್ಟೀರಾಯ್ಡ್, ಆಂಟಿಫಂಗಲ್, ಆಂಟಿಬಯೋಟಿಕ್ ಮೂರೂ ಬೆರೆಸಿದ ಮುಲಾಮು ಹಚ್ಚಿ ಹಚ್ಚಿ ಅಂಚು ಅಳಿಸಿಹೋಗಿರುತ್ತದೆ, ನೋಡಲು ಇಸುಬಿನಂತೆಯೇ ಕಾಣುತ್ತದೆ. ಆ ಮಿಶ್ರಣದ ಟ್ಯೂಬುಗಳನ್ನು ಚೀಟಿಯಿಲ್ಲದೆ ಕೊಡದಿರುವುದು ಮೆಲಟೋನಿನ್ ನಿರಾಕರಿಸುವುದಕ್ಕಿಂತ ದೊಡ್ಡ ಉಪಕಾರ.

ಚರ್ಮ ಶಾಂತವಾಗಿದ್ದೂ ಮಗು ರಾತ್ರಿ ಹೊರಳಾಡುತ್ತಿದ್ದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ನೋಡಬೇಕು. ಕಬ್ಬಿಣ ಕಡಿಮೆಯಿರುವ ಮಕ್ಕಳಲ್ಲಿ ಕಾಲಿನ ಚಡಪಡಿಕೆ ಸಾಮಾನ್ಯ. ಗೊರಕೆ, ಬಾಯಿಯಿಂದ ಉಸಿರಾಟ ಇದ್ದರೆ ಅಡಿನಾಯ್ಡ್ (ಮೂಗಿನ ಹಿಂದಿನ ಗಡ್ಡೆ). ಇವೆರಡಕ್ಕೂ ಮೆಲಟೋನಿನ್ ಕೊಟ್ಟರೆ ನಿಜವಾದ ತೊಂದರೆ ಮುಚ್ಚಿಹೋಗುತ್ತದೆ.

ವಯಸ್ಸಿನ ಬಗ್ಗೆ. ಹುಟ್ಟಿದ ಕೂಸಿಗೆ ತನ್ನದೇ ಮೆಲಟೋನಿನ್ ಲಯ ಇರುವುದಿಲ್ಲ, ಸುಮಾರು ಮೂರು ತಿಂಗಳಲ್ಲಿ ಅದು ಮೂಡುತ್ತದೆ. ಎರಡು ವರ್ಷದ ಒಳಗಿನವರಿಗೆ ನಾನು ಬರೆಯುವುದಿಲ್ಲ. ಆಮೇಲಿನ ವಯಸ್ಸಿನಲ್ಲಿ ಬರೆದರೆ 0.5 ಅಥವಾ 1 ಮಿ.ಗ್ರಾಂನಿಂದ ಆರಂಭ, ಒಂದು ವಾರ ನೋಡಿ 1 ಮಿ.ಗ್ರಾಂ ಏರಿಕೆ, 3 ಮಿ.ಗ್ರಾಂ ಮೇಲೆ ಸಾಮಾನ್ಯವಾಗಿ ಹೋಗುವುದಿಲ್ಲ. ನಾಲ್ಕು ವಾರದಲ್ಲಿ ಫಲ ಕಾಣದಿದ್ದರೆ ನಿಲ್ಲಿಸುವುದು. ಬೆಳಗಿನ ಮಂಪರು, ತಲೆನೋವು, ಕೆಟ್ಟ ಕನಸು, ಕೆಲವರಲ್ಲಿ ಹಾಸಿಗೆ ಒದ್ದೆ ಮಾಡುವುದು ವರದಿಯಾಗಿವೆ. ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುವ ಮಗುವಾದರೆ ಅದನ್ನು ನೋಡುವ ವೈದ್ಯರನ್ನು ಕೇಳದೆ ಬೇಡ.

ವರ್ಷಗಟ್ಟಲೆ ಕೊಟ್ಟರೆ ಪ್ರೌಢಾವಸ್ಥೆಯ ಮೇಲೆ ಏನಾಗುತ್ತದೆ ಎನ್ನಲು ಸಾಕಷ್ಟು ದೊಡ್ಡ ಅಧ್ಯಯನಗಳು ಆಗಿಲ್ಲ. ಇಸುಬಿನ ಪ್ರಯೋಗಗಳು ನಾಲ್ಕರಿಂದ ಆರು ವಾರದವು. ಸಾಕ್ಷ್ಯ ಎಷ್ಟು ವಾರದ್ದೋ ಚೀಟಿಯೂ ಅಷ್ಟೇ ವಾರದ್ದಾಗಿರಲಿ.

---

ಗಡಿಯಾರಜೀವಿ

ಪ್ರಮಾಣದ ಬಗ್ಗೆ ಎಲ್ಲರೂ ಕೇಳುತ್ತಾರೆ, ಬೆಳಕಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಮಗುವಿನ ಮೈಯೊಳಗಿನ ಮೆಲಟೋನಿನ್ ಏರಬೇಕೋ ಬೇಡವೋ ಎಂದು ತೀರ್ಮಾನಿಸುವುದು ಬೆಳಕೇ.

ಕಣ್ಣಿನ ರೆಟಿನಾದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಕೋಶಗಳಿವೆ, 480 ನ್ಯಾನೋಮೀಟರ್ ಸುತ್ತಲಿನ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ಅಲ್ಲಿಂದ ಸುದ್ದಿ ಮೆದುಳಿನ ಗಡಿಯಾರಕ್ಕೆ, ಗಡಿಯಾರದಿಂದ ಬೆನ್ನುಹುರಿಯ ಮೂಲಕ ಕುತ್ತಿಗೆಯ ನರಗಂಟಿಗೆ, ಅಲ್ಲಿಂದ ಮತ್ತೆ ಮೇಲೇರಿ ಪೀನಿಯಲ್‌ಗೆ. ಕತ್ತಲಾದಾಗ ಆ ನರದ ತುದಿಯಲ್ಲಿ ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕ ರಾಸಾಯನಿಕ ಸುರಿಯುತ್ತದೆ, ಟ್ರಿಪ್ಟೊಫಾನ್‌ನಿಂದ ಸೆರೊಟೋನಿನ್, ಸೆರೊಟೋನಿನ್‌ನಿಂದ ಮೆಲಟೋನಿನ್ ತಯಾರಾಗುತ್ತದೆ. ಬೆಳಕು ಬಿದ್ದರೆ ಈ ಕೆಲಸ ನಿಲ್ಲುತ್ತದೆ.

ಮಕ್ಕಳ ಕಣ್ಣಿನ ಮಸೂರ ತಿಳಿ, ಪಾಪೆ ದೊಡ್ಡದು. ಜಪಾನಿನ ಒಂದು ಅಧ್ಯಯನದಲ್ಲಿ (2014) ಒಂದೇ ಬಗೆಯ ಬೆಳಕಿನ ಕೆಳಗೆ ದೊಡ್ಡವರ ಮೆಲಟೋನಿನ್ ಸುಮಾರು 46 ಶೇಕಡಾ ಕುಗ್ಗಿದರೆ ಶಾಲಾ ಮಕ್ಕಳದು ಸುಮಾರು 88 ಶೇಕಡಾ ಕುಗ್ಗಿತು. ಅಪ್ಪ ಅಮ್ಮನಿಗೆ ಟ್ಯೂಬ್‌ಲೈಟಿನ ಕೆಳಗೂ ನಿದ್ದೆ ಬರುತ್ತದೆ, ಮಗುವಿಗೆ ಬರುವುದಿಲ್ಲ. ಬಿಳಿ ಎಲ್‌ಇಡಿ ಹಾಕಿಟ್ಟು, ಕೈಯಲ್ಲಿ ಮೊಬೈಲ್ ಕೊಟ್ಟು, ಮೇಲೆ 3 ಮಿ.ಗ್ರಾಂ ಗಮ್ಮಿ ತಿನ್ನಿಸುವುದು ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿದಂತೆ.

ಇಸುಬು ರಾತ್ರಿಯೇ ಏಕೆ ಕೆಣಕುತ್ತದೆ ಎಂಬುದಕ್ಕೂ ಗಡಿಯಾರದ ಸಂಬಂಧ ಇದೆ. ಸಂಜೆಯ ಮೇಲೆ ಚರ್ಮದ ಉಷ್ಣತೆ ಏರುತ್ತದೆ. ಮೈಯ ಒಳಗಿನ ಬಿಸಿಯನ್ನು ಹೊರಬಿಟ್ಟರೆ ತಾನೆ ನಿದ್ದೆ ಹತ್ತುವುದು. ಚರ್ಮದಿಂದ ಆವಿಯಾಗುವ ನೀರಿನ ಪ್ರಮಾಣವೂ ರಾತ್ರಿ ಹೆಚ್ಚು. ಉರಿಯೂತವನ್ನು ಹತ್ತಿಕ್ಕುವ ಕಾರ್ಟಿಸಾಲ್ ಆ ಹೊತ್ತಿಗೆ ತಳದಲ್ಲಿರುತ್ತದೆ. ಮೂರೂ ಒಟ್ಟಿಗೆ ಬಂದಾಗ ಮಗು ಕೆರೆಯದೆ ಏನು ಮಾಡೀತು?

ಆದ್ದರಿಂದ ಸಂಜೆಯನ್ನು ಹೀಗೆ ಜೋಡಿಸಿ. ಒಂಬತ್ತಕ್ಕೆ ಮಲಗಬೇಕೆಂದರೆ ಏಳೂವರೆಗೆ ಸ್ನಾನ, ಕೂಡಲೇ ಮಾಯಿಶ್ಚರೈಸರ್. ಸ್ಟೀರಾಯ್ಡ್ ಹಚ್ಚುವ ರಾತ್ರಿಯಾದರೆ ಎರಡರ ನಡುವೆ ಸ್ವಲ್ಪ ಅಂತರ ಬಿಡಿ, ಇಲ್ಲದಿದ್ದರೆ ಒಂದು ಇನ್ನೊಂದನ್ನು ತೆಳುವಾಗಿಸುತ್ತದೆ. ಆ ಹೊತ್ತಿನಿಂದ ಕೋಣೆಯಲ್ಲಿ ಹಳದಿ ಛಾಯೆಯ ಸಣ್ಣ ಬಲ್ಬು ಮಾತ್ರ, ಅದೂ ಕಣ್ಣಿನ ಮಟ್ಟಕ್ಕಿಂತ ಕೆಳಗೆ. ವೈದ್ಯರು ಮೆಲಟೋನಿನ್ ಬರೆದಿದ್ದರೆ ಎಂಟರಿಂದ ಎಂಟೂವರೆ ನಡುವೆ, ಪ್ರತಿದಿನ ಅದೇ ಹೊತ್ತಿಗೆ. ಶನಿವಾರ ರಾತ್ರಿ ಹನ್ನೊಂದಕ್ಕೆ ಕೊಟ್ಟರೆ ಗಡಿಯಾರದ ಲಯ ತಪ್ಪುತ್ತದೆ. ನಡುರಾತ್ರಿ ಎದ್ದ ಮಗುವಿಗೆ ಎರಡನೆಯ ಬಾರಿ ಕೊಡಲೇಬೇಡಿ. ಬೆಳಿಗ್ಗೆ ಶಾಲೆಯಲ್ಲಿ ತೂಕಡಿಕೆ ಗ್ಯಾರಂಟಿ, ಲಯವೂ ಕದಡುತ್ತದೆ. ಬೆಳಿಗ್ಗೆ ಎದ್ದೊಡನೆ ಅರ್ಧ ಗಂಟೆ ಹೊರಗಿನ ಬೆಳಕು ಬೀಳಲಿ. ಹತ್ತಿಯ ಬಟ್ಟೆ, ಫ್ಯಾನು, ಚಿಕ್ಕದಾಗಿ ಕತ್ತರಿಸಿದ ಉಗುರು ಇವು ಗೊತ್ತಿದ್ದದ್ದೇ.

"ಹೆಚ್ಚು ಕೊಟ್ಟರೆ ಹೆಚ್ಚು ನಿದ್ದೆ" ಎಂಬುದು ಈ ಹಾರ್ಮೋನಿಗೆ ಸಲ್ಲದು. ಅಮೆರಿಕದ ಎಂಐಟಿ ಸಂಸ್ಥೆಯ ರಿಚರ್ಡ್ ವುರ್ಟ್‌ಮನ್ ತಂಡ ದೊಡ್ಡವರಲ್ಲಿ ತೋರಿಸಿದ್ದು, 0.3 ಮಿ.ಗ್ರಾಂ ಕೊಟ್ಟರೂ ರಕ್ತದಲ್ಲಿ ಸಹಜ ರಾತ್ರಿಯ ಮಟ್ಟ ಬರುತ್ತದೆ ಎಂದು. 3 ಮಿ.ಗ್ರಾಂ ಅದನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಸಾದಾ ಮಾತ್ರೆಯ ಅರ್ಧಾಯು (ರಕ್ತದಲ್ಲಿ ಮಟ್ಟ ಅರ್ಧಕ್ಕಿಳಿಯುವ ಸಮಯ) ಒಂದು ಗಂಟೆಯೊಳಗೆ, ಆದ್ದರಿಂದ ನಿದ್ದೆ ಹತ್ತಿಸಲು ಅದು ಸಾಕು. ನಿದ್ದೆ ಹತ್ತುತ್ತದೆ, ಎರಡು ಗಂಟೆಗೆ ತುರಿಕೆಯಿಂದ ಎಚ್ಚರವಾಗುತ್ತದೆ ಎನ್ನುವ ಮಗುವಿಗೆ ಬೇಕಾದ್ದು ಚರ್ಮದ ಚಿಕಿತ್ಸೆ.

ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಬೆಳಿಗ್ಗೆ ಹತ್ತಕ್ಕೆ ರಕ್ತ ಕೊಟ್ಟು "ಮೆಲಟೋನಿನ್ ಕಡಿಮೆ" ಎಂಬ ವರದಿ ಹಿಡಿದು ಬಂದರೆ ಅದಕ್ಕೆ ಅರ್ಥವಿಲ್ಲ. ಹಗಲಿನಲ್ಲಿ ಎಲ್ಲರಿಗೂ ಕಡಿಮೆಯೇ. ಅಳೆಯಬೇಕೆಂದರೆ ಸಂಜೆಯಿಂದ ಮಬ್ಬುಬೆಳಕಿನಲ್ಲಿ ಕೂರಿಸಿ ಗಂಟೆಗೊಮ್ಮೆ ಎಂಜಲು ತೆಗೆಯಬೇಕು, ಇಲ್ಲವೇ ರಾತ್ರಿಯ ಮೂತ್ರ ಪೂರ್ತಿ ಸಂಗ್ರಹಿಸಿ ಅದರ ವಿಸರ್ಜಿತ ರೂಪವನ್ನು ಅಳೆಯಬೇಕು. ಸಂಶೋಧನೆಗೆ ಸರಿ, ಚಿಕಿತ್ಸೆಗೆ ಬೇಕಿಲ್ಲ.

---

ಮದ್ದಿನಂಗಡಿ

ತುಂಬಾ ಉಪಕಾರವಾಯಿತು. ಕಜ್ಜಿಯ ವಿಷಯ ಮತ್ತು ವಾರಕ್ಕೆ ಎಷ್ಟು ಗ್ರಾಂ ಎಂಬ ಪ್ರಶ್ನೆ ನಾಳೆಯಿಂದಲೇ ಕೌಂಟರಿಗೆ ಬರುತ್ತವೆ. ಉಳಿದದ್ದು ಮೂರು. ಗಮ್ಮಿಯೋ ಮಾತ್ರೆಯೋ? ಸೋರಿಯಾಸಿಸ್‌ನವರಿಗೆ ಏನು ಹೇಳುವುದು? ಬಾದಾಮಿ ಹಾಲು ಕುಡಿಸಿದರೆ ಮೆಲಟೋನಿನ್ ಸಿಗುತ್ತದೆ ಎನ್ನುತ್ತಾರಲ್ಲ, ಅದು?

---

ಮಾತ್ರೆಲೆಕ್ಕ

ಹಾಲಿನದು ಮೊದಲು ಮುಗಿಸೋಣ. ಹಾಲಿನಲ್ಲಿ, ಕಾಳುಬೀಜಗಳಲ್ಲಿ ಮೆಲಟೋನಿನ್ ಇರುವುದು ನಿಜ, ಆದರೆ ಒಂದು ಲೋಟ ಹಾಲಿನಲ್ಲಿ ನ್ಯಾನೋಗ್ರಾಂ ಲೆಕ್ಕ. 3 ಮಿ.ಗ್ರಾಂ ಎಂದರೆ 30 ಲಕ್ಷ ನ್ಯಾನೋಗ್ರಾಂ. ಹಾಲು ಕುಡಿಸಲಿ, ಒಳ್ಳೆಯದೇ, ಔಷಧವೆಂದು ಎಣಿಸುವುದು ಬೇಡ. ಹಾಲಿಗೆ ಅಲರ್ಜಿ ಖಚಿತವಾಗಿರುವ ಇಸುಬಿನ ಮಗುವಾದರೆ ಅದೂ ಬೇಡ.

ಗಮ್ಮಿ ಬೇಡ. ಅಮೆರಿಕದಲ್ಲಿ 25 ಗಮ್ಮಿ ಉತ್ಪನ್ನಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. 22ರಲ್ಲಿ ಲೇಬಲ್ ತಪ್ಪು; ಒಂದರಲ್ಲಿ ಮೆಲಟೋನಿನ್ ಸಿಗಲೇ ಇಲ್ಲ, ಉಳಿದವುಗಳಲ್ಲಿ ಲೇಬಲ್ಲಿನ 74ರಿಂದ 347 ಶೇಕಡಾವರೆಗೆ. ಅದಕ್ಕೂ ಮೊದಲು ಕೆನಡಾದಲ್ಲಿ 31 ಉತ್ಪನ್ನಗಳನ್ನು ನೋಡಿದಾಗ ಎಂಟರಲ್ಲಿ ಸೆರೊಟೋನಿನ್ ಬೆರೆತಿತ್ತು. ಇವು ಅಲ್ಲಿನ ಲೆಕ್ಕಗಳು, ಇಲ್ಲಿನ ಡಬ್ಬಿಗಳಿಗೆ ಅದೇ ಅಂಕಿ ಅನ್ವಯಿಸಲಾಗದು. ಆದರೆ ಪೂರಕ ಆಹಾರದ ಸಾಲಿನಲ್ಲಿ ಮಾರುವ ಯಾವುದೇ ಉತ್ಪನ್ನದ ಬಗ್ಗೆ ಎಚ್ಚರ ಬೇಕು ಎನ್ನಲು ಇಷ್ಟು ಸಾಕು. ಜೊತೆಗೆ ಮಗು ಅದನ್ನು ಮಿಠಾಯಿ ಎಂದೇ ನಂಬುತ್ತದೆ. ಅಮೆರಿಕದ ವಿಷಮಾಹಿತಿ ಕೇಂದ್ರಗಳಿಗೆ ಬಂದ, ಮಕ್ಕಳು ಮೆಲಟೋನಿನ್ ನುಂಗಿದ ಕರೆಗಳು 2012ರಿಂದ 2021ರ ನಡುವೆ 530 ಶೇಕಡಾ ಏರಿದವು.

ವೈದ್ಯರು ಬರೆದಾಗ ಒಂದೇ ಘಟಕದ ಸಾದಾ ಮಾತ್ರೆ ಕೊಡಿ. 3 ಮಿ.ಗ್ರಾಂ ಮಾತ್ರೆಗೆ ನಡುಗೆರೆ ಇದ್ದರೆ ಅರ್ಧ ಮಾಡಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ (ಎಸ್‌ಆರ್, ಪಿಆರ್ ಎಂದಿರುತ್ತದೆ) ಮುರಿದರೆ, ಪುಡಿ ಮಾಡಿದರೆ ಇಡೀ ಡೋಸು ಒಮ್ಮೆಗೇ ಬಿಡುಗಡೆಯಾಗುತ್ತದೆ. ನುಂಗಲಾರದ ಮಗುವಿಗೆ ಅದು ತಕ್ಕದ್ದಲ್ಲ. ತಗರ, ಅಶ್ವಗಂಧ, ಎಲ್-ಥಿಯಾನಿನ್, ಬಿ6 ಎಲ್ಲ ಬೆರೆಸಿದ್ದನ್ನು ಮಕ್ಕಳಿಗೆ ಕೊಡಬೇಡಿ. ಏನಾದರೂ ಎಡವಟ್ಟಾದರೆ ಯಾವುದರಿಂದ ಎಂದು ಹೇಳಲು ಬರುವುದಿಲ್ಲ.

ಚೀಟಿ ನೋಡುವಾಗ ಕಣ್ಣಿಡಬೇಕಾದ ಜಾಗ ಯಕೃತ್ತಿನ ಸಿವೈಪಿ1ಎ2 ಕಿಣ್ವ. ಮೆಲಟೋನಿನ್ ಕರಗುವುದು ಬಹುಪಾಲು ಅದರಿಂದಲೇ. ಫ್ಲುವಾಕ್ಸಮಿನ್ (ಖಿನ್ನತೆಗೆ ಕೊಡುವ ಮಾತ್ರೆ) ಅದನ್ನು ಗಟ್ಟಿಯಾಗಿ ತಡೆಯುತ್ತದೆ, ರಕ್ತದ ಮಟ್ಟ ಹಲವು ಪಟ್ಟು ಏರುತ್ತದೆ; ಜೊತೆಗೆ ಕೊಡಲೇಬಾರದು. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಮತ್ತು ಗರ್ಭನಿರೋಧಕ ಮಾತ್ರೆಗಳೂ ಏರಿಸುತ್ತವೆ. ಬೀಡಿ ಸಿಗರೇಟು ಸೇದುವವರಲ್ಲಿ ಕಿಣ್ವ ಚುರುಕಾಗಿ ಮಟ್ಟ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ರಕ್ತಸ್ರಾವದ ವರದಿಗಳಿವೆ. ಇಸುಬಿನ ಮಕ್ಕಳಲ್ಲಿ ಹೆಚ್ಚು ಎದುರಾಗುವುದು ಬೇರೆಯದು: ರಾತ್ರಿ ತುರಿಕೆಗೆಂದು ಮಂಪರು ಬರಿಸುವ ಹೈಡ್ರಾಕ್ಸಿಝಿನ್ ಸಿರಪ್ಪು ಈಗಾಗಲೇ ನಡೆಯುತ್ತಿರುತ್ತದೆ. ಎರಡೂ ಸೇರಿದರೆ ಬೆಳಿಗ್ಗೆ ಮಗು ಏಳುವುದಿಲ್ಲ. ಯಾವುದಾದರೂ ಒಂದು ಇರಲಿ ಎಂದು ವೈದ್ಯರಿಗೆ ಫೋನು ಮಾಡಿ ಕೇಳಿ.

ಈಗ ಸೋರಿಯಾಸಿಸ್ ಮತ್ತು "ಇಮ್ಯುನಿಟಿ". ಲೇಬಲ್ಲಿನ ಆ ಪದದ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಇಸುಬು, ಸೋರಿಯಾಸಿಸ್ ಎರಡರಲ್ಲೂ ರೋಗನಿರೋಧಕ ವ್ಯವಸ್ಥೆ ದುರ್ಬಲವಾಗಿರುವುದಲ್ಲ, ತಪ್ಪು ದಿಕ್ಕಿನಲ್ಲಿ ಚುರುಕಾಗಿರುವುದು. ರೋಗನಿರೋಧಕ ಕೋಶಗಳು ಸಂದೇಶಕ್ಕೆ ಬಳಸುವ ಪ್ರೋಟೀನುಗಳಿಗೆ ಐಎಲ್ (ಇಂಟರ್‌ಲ್ಯೂಕಿನ್) ಎನ್ನುತ್ತಾರೆ. ಇಸುಬಿನಲ್ಲಿ ಚುರುಕಾಗಿರುವುದು ಐಎಲ್-4, ಐಎಲ್-13, ತುರಿಕೆಗೆ ಐಎಲ್-31. ಸೋರಿಯಾಸಿಸ್‌ನಲ್ಲಿ ಐಎಲ್-23 ಮತ್ತು ಐಎಲ್-17. ಅಂಥವರಿಗೆ "ಇಮ್ಯುನಿಟಿ ಹೆಚ್ಚಿಸುತ್ತೇವೆ" ಎನ್ನುವುದು ಯಾವ ಅರ್ಥದಲ್ಲಿ?

ಮೆಲಟೋನಿನ್ ಎರಡು ಕಡೆಗೂ ಎಳೆಯಬಲ್ಲದು, ತೊಡಕು ಇರುವುದೇ ಅಲ್ಲಿ. ಉರಿಯೂತ ಜೋರಾಗಿರುವಾಗ ಅದನ್ನು ಹೊತ್ತಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಸಂಕೇತದ ಹಾದಿಯನ್ನು ತಗ್ಗಿಸುವುದು, ಆಕ್ಸಿಡೀಕರಣದ ಹಾನಿ ತಡೆಯುವುದು ಕೋಶಗಳಲ್ಲೂ ಪ್ರಾಣಿಗಳಲ್ಲೂ ಕಂಡಿದೆ. ಉರಿಯೂತ ಇಲ್ಲದಾಗ ಅದೇ ಹಾರ್ಮೋನು ಬಿಳಿರಕ್ತಕಣಗಳನ್ನು ಎಚ್ಚರಿಸಿ ಐಎಲ್-1, ಐಎಲ್-6, ಐಎಲ್-12 ಬಿಡುಗಡೆ ಮಾಡಿಸುವುದೂ ಕಂಡಿದೆ. ಮನುಷ್ಯರಲ್ಲಿ ಎರಡು ಉದಾಹರಣೆ ಕೊಡುತ್ತೇನೆ, ಎರಡೂ ಎದುರುಬದುರು. 2015ರಲ್ಲಿ ಅರ್ಜೆಂಟೀನಾದ ಸಂಶೋಧಕರು ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗದಲ್ಲಿ ರಾತ್ರಿ ದೀರ್ಘವಾಗಿ ಮೆಲಟೋನಿನ್ ಹೆಚ್ಚಿರುವ ತಿಂಗಳುಗಳಲ್ಲಿ ರೋಗ ಮರುಕಳಿಸುವುದು ಕಡಿಮೆ ಎಂದು ತೋರಿಸಿದರು, ಉರಿಯೂತ ಹೆಚ್ಚಿಸುವ ಟಿಎಚ್17 ಎಂಬ ಬಿಳಿರಕ್ತಕಣಗಳನ್ನು ಅದು ತಡೆಯುತ್ತದೆ ಎಂದೂ ವಿವರಿಸಿದರು. ಸೋರಿಯಾಸಿಸ್ ಕೂಡ ಟಿಎಚ್17 ರೋಗವೇ ಆದ್ದರಿಂದ ಆಸೆ ಹುಟ್ಟುವುದು ಸಹಜ. ಆದರೆ 2007ರಲ್ಲಿ ಬ್ರಿಟನ್ನಿನಲ್ಲಿ ರುಮಟಾಯ್ಡ್ ಸಂಧಿವಾತದವರಿಗೆ ಆರು ತಿಂಗಳು ದಿನಾ 10 ಮಿ.ಗ್ರಾಂ ಕೊಟ್ಟಾಗ ಕೀಲುಗಳಿಗೆ ಯಾವ ಪ್ರಯೋಜನವೂ ಆಗಲಿಲ್ಲ, ಇಎಸ್‌ಆರ್ ಸೇರಿದಂತೆ ಕೆಲವು ಉರಿಯೂತದ ಗುರುತುಗಳು ಏರಿದವು. ಯುರೋಪಿನಲ್ಲಿ ಔಷಧವಾಗಿಯೇ ಪರವಾನಗಿ ಪಡೆದ ಸರ್ಕಡಿನ್ ಮಾತ್ರೆಯ ಮಾಹಿತಿಪತ್ರ, ಆಟೊಇಮ್ಯೂನ್ ಕಾಯಿಲೆ (ರೋಗನಿರೋಧಕ ವ್ಯವಸ್ಥೆ ತನ್ನದೇ ಮೈಮೇಲೆ ತಿರುಗುವ ಕಾಯಿಲೆ) ಇರುವವರಲ್ಲಿ ಮಾಹಿತಿ ಇಲ್ಲದ ಕಾರಣ ಅವರಿಗೆ ಶಿಫಾರಸು ಮಾಡುವುದಿಲ್ಲ ಎನ್ನುತ್ತದೆ.

ಆದ್ದರಿಂದ ಮೆಥೊಟ್ರೆಕ್ಸೇಟ್, ಸೈಕ್ಲೊಸ್ಪೊರಿನ್, ಬಯಾಲಜಿಕ್ ಚುಚ್ಚುಮದ್ದು ನಡೆಯುತ್ತಿರುವವರಿಗೆ ನೀವು ಕೌಂಟರಿನಿಂದ ಮೆಲಟೋನಿನ್ ಕೊಡಬೇಡಿ. ಅವರ ಚರ್ಮವೈದ್ಯರು ಕಾರಣವಿಟ್ಟು ಬರೆದರೆ ಬೇರೆ ಮಾತು. ಅಂಗ ಕಸಿಯಾದವರಿಗಂತೂ ಬೇಡವೇ ಬೇಡ.

ಇಮ್ಯುನಿಟಿ ಬೇಕೆಂದವರಿಗೆ ನಿದ್ದೆಯನ್ನೇ ತೋರಿಸಿ. 2002ರಲ್ಲಿ ಷಿಕಾಗೊದಲ್ಲಿ ದಿನಕ್ಕೆ ನಾಲ್ಕೇ ಗಂಟೆ ಮಲಗಿಸಿದ ಯುವಕರಿಗೆ ಫ್ಲೂ ಲಸಿಕೆ ಕೊಟ್ಟು ಹತ್ತು ದಿನಕ್ಕೆ ನೋಡಿದಾಗ ಪ್ರತಿಕಾಯಗಳು ಸರಿಯಾಗಿ ಮಲಗಿದವರಿಗಿಂತ ಅರ್ಧಕ್ಕೂ ಕಡಿಮೆ ಇದ್ದವು.

---

ಚರ್ಮವೈದ್ಯೆ_ದಾವಣಗೆರೆ

ಮೇಲಿನ ಉತ್ತರಕ್ಕೆ ಸೋರಿಯಾಸಿಸ್ ಕಡೆಯಿಂದ ಸೇರಿಸುತ್ತೇನೆ. ಸೋರಿಯಾಸಿಸ್ ರೋಗಿಗಳಲ್ಲಿ ರಾತ್ರಿಯ ಮೆಲಟೋನಿನ್ ಏರಿಕೆ ಮಾಯವಾಗಿರುವುದನ್ನು 1988ರಲ್ಲೇ ಇಟಲಿಯ ತಂಡ ವರದಿ ಮಾಡಿತ್ತು. ಆದರೆ ಕಡಿಮೆ ಇದೆ ಎಂದ ಮಾತ್ರಕ್ಕೆ ತುಂಬಿಸಿದರೆ ರೋಗ ಇಳಿಯುತ್ತದೆ ಎಂದಾಗುವುದಿಲ್ಲ. ಹಾಗೆ ಇಳಿಯಿತು ಎಂದು ತೋರಿಸುವ, ಇಸುಬಿನ ಪ್ರಯೋಗಗಳ ಮಟ್ಟದ ಸಾಕ್ಷ್ಯ ಸೋರಿಯಾಸಿಸ್‌ಗೆ ಇಲ್ಲ.

ಸೋರಿಯಾಸಿಸ್‌ನವರ ಚೀಟಿಯಲ್ಲಿ ಬೀಟಾ ಬ್ಲಾಕರ್ (ಬಿಪಿ, ಎದೆಬಡಿತ ತಗ್ಗಿಸುವ ಮಾತ್ರೆ) ಇದೆಯೇ ನೋಡಿ. ಪ್ರೊಪ್ರನಲಾಲ್, ಅಟೆನಲಾಲ್ ಪೀನಿಯಲ್‌ಗೆ ಹೋಗುವ ನಾರ್‌ಅಡ್ರಿನಲಿನ್ ಸಂಕೇತವನ್ನು ತಡೆದು ಮೆಲಟೋನಿನ್ ಇಳಿಸುತ್ತವೆ. ಇವೇ ಔಷಧಗಳು ಸೋರಿಯಾಸಿಸ್ ಕೆರಳಿಸುವುದೂ ಹಳೆಯ ಅನುಭವ. ಎರಡಕ್ಕೂ ಕಾರ್ಯಕಾರಣ ಗಂಟು ಹಾಕಲು ನಾನು ತಯಾರಿಲ್ಲ, ಆದರೆ ನಿದ್ದೆಯೂ ಕೆಟ್ಟು ಚರ್ಮವೂ ಕೆರಳಿದವರ ಬಿಪಿ ಮಾತ್ರೆ ಯಾವುದು ಎಂದು ಕೇಳುವುದಕ್ಕೆ ಖರ್ಚಿಲ್ಲ. ಬದಲಿಸುವುದು ಅವರ ಫಿಜಿಷಿಯನ್ ಕೆಲಸ. ರೋಗಿ ತಾನಾಗಿ ನಿಲ್ಲಿಸಬಾರದು, ಎದೆಬಡಿತ ಮತ್ತು ಬಿಪಿ ಒಮ್ಮೆಲೇ ಏರಬಹುದು. ಮಕ್ಕಳಲ್ಲೂ ಇದು ಬರುತ್ತದೆ: ರಕ್ತನಾಳದ ಗಂಟಿಗೆ ಪ್ರೊಪ್ರನಲಾಲ್ ಕುಡಿಯುವ ಕೂಸುಗಳಲ್ಲಿ ನಿದ್ದೆ ಕೆಡುವುದು ಗೊತ್ತಿರುವ ಅಡ್ಡಪರಿಣಾಮ.

"ಮೆಲಟೋನಿನ್ ಕ್ರೀಮು" ಎಂದು ಕೇಳಿಕೊಂಡು ಬಂದರೆ, ಇಸುಬಿಗೆ ಅಂಥ ಮಾನ್ಯ ಮುಲಾಮು ಇಲ್ಲ. ಹೊರಗೆ ಹಚ್ಚುವ ಮೆಲಟೋನಿನ್ ಬಿಸಿಲಿನ ಸುಡುಗೆಂಪನ್ನು ಕಡಿಮೆ ಮಾಡುವುದು ಪ್ರಯೋಗಗಳಲ್ಲಿ ಕಂಡಿದೆ, ಅದೂ ಬಿಸಿಲಿಗೆ ಮೊದಲೇ ಹಚ್ಚಿದಾಗ ಮಾತ್ರ. ಸುಟ್ಟ ಮೇಲೆ ಹಚ್ಚಿದರೆ ಫಲವಿಲ್ಲ. ಬಿರುಕುಬಿಟ್ಟ ಇಸುಬಿನ ಮೇಲೆ ಸುಗಂಧ, ಸಂರಕ್ಷಕ ಬೆರೆತ ಇಂಥ ಸೀರಮ್ ಹಚ್ಚಿದರೆ ಉರಿ ಹೆಚ್ಚುತ್ತದೆ.

ನಿಲ್ಲಿಸುವುದು ಹೇಗೆ ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ನಾಲ್ಕು ವಾರ ಕೊಟ್ಟದ್ದಾದರೆ ತಟ್ಟನೆ ನಿಲ್ಲಿಸಿದರೂ ಅಪಾಯವಿಲ್ಲ. ಆದರೆ ಮಗು ಅದಕ್ಕೆ ಒಗ್ಗಿದ್ದರೆ ಒಂದು ವಾರ ಅರ್ಧ ಪ್ರಮಾಣ, ಆಮೇಲೆ ಬಿಡುವುದು ಸಲೀಸು. ಚರ್ಮ ಚೆನ್ನಾಗಿರುವ ವಾರದಲ್ಲಿ ನಿಲ್ಲಿಸಿ, ಪರೀಕ್ಷೆ, ಜಾತ್ರೆ, ಪ್ರಯಾಣದ ವಾರದಲ್ಲಿ ಬೇಡ. ಅದೇ ಹೊತ್ತಿಗೆ ಹಳೆಯ ಕಲೆಗಳ ಜಾಗಕ್ಕೆ ವಾರಕ್ಕೆ ಎರಡು ರಾತ್ರಿ ಸ್ಟೀರಾಯ್ಡ್ ಅಥವಾ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ 0.03 ಶೇಕಡಾ ಮುಲಾಮು ಹಚ್ಚುವ ಕ್ರಮವನ್ನು ವೈದ್ಯರು ಬರೆದುಕೊಟ್ಟಿದ್ದರೆ ಅದು ತಪ್ಪದೆ ನಡೆಯಲಿ. ನಿಲ್ಲಿಸಿದ ಮೂರು ನಾಲ್ಕು ರಾತ್ರಿ ನಿದ್ದೆ ಸ್ವಲ್ಪ ತಡವಾದರೆ ಮತ್ತೆ ಡಬ್ಬಿ ತೆರೆಯುವುದು ಬೇಡ. ಒಂದು ವಾರವಾದರೂ ಹಾಗೆಯೇ ಇದ್ದು ರಕ್ತ ಬರುವಷ್ಟು ಕೆರೆತ, ಹಳದಿ ಹಕ್ಕಳೆ, ಕೀವು, ಅಥವಾ ಒಂದೇ ಅಳತೆಯ ಸಣ್ಣ ಗುಳ್ಳೆಗಳ ಗುಂಪು ಜ್ವರದ ಜೊತೆ ಕಂಡರೆ ನಿದ್ದೆಯ ಮಾತು ಪಕ್ಕಕ್ಕಿಟ್ಟು ಅಂದೇ ಆಸ್ಪತ್ರೆಗೆ ಕಳಿಸಿ. ಕೊನೆಯದು ಹರ್ಪಿಸ್ ವೈರಸ್ ಇಸುಬಿನ ಮೇಲೆ ಹರಡಿದ ಲಕ್ಷಣ, ಅದಕ್ಕೆ ಅಸೈಕ್ಲೊವಿರ್ ತಡಮಾಡದೆ ಬೀಳಬೇಕು.